ಎರಡು ಕಣ್ಣಿಗೆ ಎರಡು ಚಿತ್ರ

(ಚಿಕ್ಕಪೇಟೆಯಲ್ಲಿ ಭಾನುವಾರ ಸಂಜೆ ನಡೆದ ಸಭೆಯಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಹೆಚ್ಚು ತಿದ್ದದೆ ಇಲ್ಲಿ ಕೊಟ್ಟಿದೆ.)



ಯುದ್ಧದ ವಿಷಯ ಮಾತಾಡುತ್ತೇನೆಂದು ಹೇಳಿ ಕೈಯಲ್ಲಿ ಆಟದ ಸಾಮಾನು ಹಿಡಿದು ಬಂದಿದ್ದಾನಲ್ಲ ಎಂದು ಮುಂದಿನ ಸಾಲಿನವರು ನಗುತ್ತಿದ್ದೀರಿ. ನಗಿ, ಅಡ್ಡಿಯಿಲ್ಲ. ಇದು ಆಟದ ಸಾಮಾನೇ. ಒಂದು ಮರದ ಹಿಡಿ, ಎರಡು ಮಸೂರ, ಮುಖಕ್ಕೆ ಒತ್ತಿಕೊಳ್ಳಲು ಒಂದು ಮರೆ, ಮುಂದೆ ರಟ್ಟು ಸಿಕ್ಕಿಸಲು ಒಂದು ಅಡ್ಡಪಟ್ಟಿ, ಇಷ್ಟೇ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ ಹಳೆಯ ಬೀಗ, ನಿಂತುಹೋದ ಗಡಿಯಾರಗಳ ನಡುವೆ ಬಿದ್ದಿತ್ತು. ಮಾರುವವನಿಗೆ ಅದೇನೆಂದು ಗೊತ್ತಿರಲಿಲ್ಲ; ದುರ್ಬೀನು ಎಂದು 800 ರೂಪಾಯಿ ಹೇಳಿ, 500ಕ್ಕೆ ಕೊಟ್ಟ. ನಿಮ್ಮಲ್ಲಿ ಹಿರಿಯರು ಜಾತ್ರೆಯಲ್ಲಿ ಕಾಸು ಕೊಟ್ಟು ಪೆಟ್ಟಿಗೆಯೊಳಗೆ ಇಣುಕಿ ಕಾಶಿ, ದಿಲ್ಲಿ ನೋಡಿದವರಿದ್ದೀರಿ. ಇದೂ ಆ ಜಾತಿಯದೇ. ಆದರೆ ಇದರಲ್ಲಿ ಹಾಕಿ ನೋಡಲು ನಾನು ತಂದಿರುವುದು ಹೆಣಗಳ ಚಿತ್ರ. ಮಕ್ಕಳು ಯಾರಾದರೂ ಬಂದಿದ್ದರೆ ಅವರ ಕೈಗೆ ಕೊಡಬೇಡಿರೆಂದು ಮೊದಲೇ ಹೇಳಿಬಿಡುತ್ತೇನೆ.

ಮೊದಲು ನಾವು ಕುಳಿತಿರುವ ನೆಲದ ಮಾತು ಆಡೋಣ. ಈ ಪೇಟೆಯೂ ರಣರಂಗವೇ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆಯ ಬಾಗಿಲು ಒಡೆದು ಒಳಕ್ಕೆ ನುಗ್ಗಿತು. ಬೀದಿ ಬೀದಿಯಲ್ಲಿ ಕಾದಾಟವಾಯಿತು, ಗೆದ್ದವರು ಕೊಳ್ಳೆ ಹೊಡೆದರು. ಎರಡು ವಾರ ಕಳೆದು ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತ. ಇಲ್ಲಿಂದ ಅವೆನ್ಯೂ ರಸ್ತೆ ಹಿಡಿದು ಮಾರುಕಟ್ಟೆಯ ಕಡೆಗೆ ನಡೆದರೆ ಉಳಿದಿರುವ ಕೋಟೆಯ ತುಂಡು ಸಿಗುತ್ತದೆ. ಗೋಡೆಯಲ್ಲಿ ಇಂಗ್ಲಿಷಿನ ಕಲ್ಲೊಂದಿದೆ: ಬ್ರಿಟಿಷರು ಈ ಬಿರುಕಿನ ಮೂಲಕ ಒಳಗೆ ಹೋದರೆಂದು. ನಮ್ಮಲ್ಲಿ ಎಷ್ಟು ಮಂದಿ ನಿಂತು ಓದಿದ್ದೇವೆ? ನಾನಂತೂ ಇಪ್ಪತ್ತು ವರ್ಷ ಅದರ ಮುಂದೆ ಬಸ್ಸಿಗೆ ಓಡಿದ್ದೇನೆ, ಓದಿರಲಿಲ್ಲ.

ಈ ಯುದ್ಧಕ್ಕೆ ಚಿತ್ರವಿಲ್ಲವೆ? ಇದೆ. ರಾಬರ್ಟ್ ಹೋಮ್ ಎಂಬ ಚಿತ್ರಕಾರ ಆ ಸೈನ್ಯದ ಜೊತೆಯಲ್ಲೇ ಬಂದಿದ್ದ. ಅವನ ಮೈಸೂರು ಸೀಮೆಯ ನೋಟಗಳ ಪುಸ್ತಕ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಪೇಟೆ ಬಾಗಿಲಿನ ಕಾಳಗವನ್ನು ಅವನು ದೊಡ್ಡ ತೈಲಚಿತ್ರವಾಗಿ ಬರೆದ. ಅದರ ಹೆಸರೇ ಕರ್ನಲ್ ಮೂರ್‌ಹೌಸನ ಮರಣ. ಸಾಯುತ್ತಿರುವ ಕರ್ನಲ್ ನಡುವಿನಲ್ಲಿ, ಸುತ್ತ ಅವನನ್ನು ಆತುಕೊಂಡ ಅಧಿಕಾರಿಗಳು. ನಾಟಕದ ಕೊನೆಯ ಅಂಕದಂತಿದೆ. ಮೂರ್‌ಹೌಸನ ಬಗ್ಗೆ ನನಗೆ ಹಗೆಯಿಲ್ಲ. ಕೇಳುವುದಿಷ್ಟೇ: ಆ ದಿನ ಇದೇ ಓಣಿಗಳಲ್ಲಿ ಬಿದ್ದ ನೇಕಾರರು, ಸಿಪಾಯಿಗಳು, ಮೂಟೆ ಹೊರುವವರು ಎಲ್ಲಿ? ಕಾರ್ಪೊರೇಷನ್ ಕಚೇರಿಯ ಬಳಿ ಒಂದು ಸ್ಮಾರಕ ಸ್ತಂಭವಿತ್ತು. ಇಂದಿನ ನೃಪತುಂಗ ರಸ್ತೆಗೆ ಸೆನೋಟಾಫ್ ರಸ್ತೆ ಎಂಬ ಹೆಸರು ಅದರಿಂದಲೇ ಬಂದಿತ್ತು. ಅದು ನೆನೆಯುತ್ತಿದ್ದುದೂ ಬ್ರಿಟಿಷರ ಕಡೆ ಸತ್ತವರನ್ನೇ. 1964ರ ಕನ್ನಡ ಚಳವಳಿಯ ಕಾಲದಲ್ಲಿ ಅದನ್ನು ಕೆಡವಿದರು. ಕೆಡವಿದ್ದು ಸರಿಯೋ ತಪ್ಪೋ ಎಂಬ ವಾದ ಇವತ್ತು ಬೇಡ. ಕೆಡವಿದ ಮೇಲೂ ಪೇಟೆಯ ಸತ್ತವರ ಹೆಸರು ಸಿಕ್ಕಲಿಲ್ಲ.

ಅಲ್ಲಿಂದ 71 ವರ್ಷ ದಾಟಿ, ಸಮುದ್ರವನ್ನೂ ದಾಟಿ ಅಮೆರಿಕಕ್ಕೆ ಹೋಗೋಣ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿಕೊಂಡಿತ್ತು. ದಕ್ಷಿಣದ ಹತ್ತಿ ತೋಟಗಳ ದಣಿಗಳು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟವನ್ನು ಬಿಟ್ಟು ಹೊರಟರು. ಆಗ ಆ ದೇಶದಲ್ಲಿ ಸುಮಾರು 40 ಲಕ್ಷ ಜನ ಕರಿಯರು ದನಗಳಂತೆ ಕೊಳ್ಳುವ ಮಾರುವ ಆಸ್ತಿಯಾಗಿದ್ದರು. 1862ರ ಸೆಪ್ಟೆಂಬರ್ 17ರಂದು ಮೇರಿಲ್ಯಾಂಡ್ ಪ್ರಾಂತದ ಆಂಟೀಟಮ್ ಎಂಬ ಹಳ್ಳದ ದಡದಲ್ಲಿ ಎರಡು ಸೈನ್ಯಗಳೂ ಎದುರಾದವು. ಸಂಜೆಯ ಹೊತ್ತಿಗೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000. ಆ ದೇಶದ ಚರಿತ್ರೆಯಲ್ಲಿ ಒಂದೇ ದಿನ ಅಷ್ಟು ರಕ್ತ ಹರಿದ ಕಾಳಗ ಇನ್ನೊಂದಿಲ್ಲ.

ಕಾಳಗ ಮುಗಿದ ಎರಡೇ ದಿನಕ್ಕೆ ಒಂದು ಕಪ್ಪು ಮುಸುಕಿನ ಗಾಡಿ ಅಲ್ಲಿಗೆ ಬಂತು. ಇಂಥ ಗಾಡಿಗೆ ಸಿಪಾಯಿಗಳು ಇಟ್ಟಿದ್ದ ಹೆಸರು 'ಇದೇನಿದು ಗಾಡಿ'. ಅದು ಫೋಟೋ ತೊಳೆಯುವ ಕತ್ತಲೆ ಕೋಣೆ. ಬಂದವನು ಅಲೆಕ್ಸಾಂಡರ್ ಗಾರ್ಡ್‌ನರ್, ಜೊತೆಗೆ ಜೇಮ್ಸ್ ಗಿಬ್ಸನ್.

ಈ ಗಾರ್ಡ್‌ನರ್ ಯಾರೆಂಬುದನ್ನು ನಮ್ಮಂಥ ಸಭೆಯಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅವನು 1821ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿಯಲ್ಲಿ ಹುಟ್ಟಿದವನು. ಅದು ನೇಕಾರರ ಊರು. ಹದಿನಾಲ್ಕಕ್ಕೆ ಒಡವೆ ಕೆಲಸ ಕಲಿಯಲು ಸೇರಿದ. ನ್ಯೂ ಲ್ಯಾನಾರ್ಕಿನ ಹತ್ತಿ ಮಿಲ್ಲು ನಡೆಸಿ, ಮಿಲ್ಲಿನ ಮಕ್ಕಳಿಗೆ ಶಾಲೆ ತೆರೆದ ರಾಬರ್ಟ್ ಓವೆನ್ನನ ಹೆಸರು ನೀವು ಕೇಳಿದ್ದೀರಿ. ಆ ಓವೆನ್ನನ ಸಹಕಾರದ ವಿಚಾರ ಗಾರ್ಡ್‌ನರನ ತಲೆಗೆ ಹೊಕ್ಕಿತು. ದುಡಿಯುವವರೇ ಒಡೆಯರಾದ ಒಂದು ಊರು ಕಟ್ಟಬೇಕೆಂದು 1850ರಲ್ಲಿ ಅಮೆರಿಕದ ಅಯೋವಾದಲ್ಲಿ ಜಮೀನು ನೋಡಿಬಂದ. ಹಿಂದಿರುಗಿ ಗ್ಲ್ಯಾಸ್ಗೋದಲ್ಲಿ ದುಡಿಮೆಗಾರರ ಪತ್ರಿಕೆಯೊಂದನ್ನು ಕೊಂಡು ನಡೆಸಿದ. 1856ರಲ್ಲಿ ಹೆಂಡತಿ ಮಕ್ಕಳೊಂದಿಗೆ ಹೊರಟು ಹೋದಾಗ, ಮುಂಚೆ ಹೋಗಿದ್ದ ಅವನ ನಂಟರಿಷ್ಟರು ಆ ಊರಿನಲ್ಲಿ ಕ್ಷಯದಿಂದ ನರಳುತ್ತಿದ್ದರು, ಸಾಯುತ್ತಿದ್ದರು. ಸಹಕಾರದ ಊರು ಅಲ್ಲಿಗೆ ಮುಗಿಯಿತು. ಹೊಟ್ಟೆಪಾಡಿಗೆ ಅವನು ನ್ಯೂಯಾರ್ಕಿನ ಮ್ಯಾಥ್ಯೂ ಬ್ರೇಡಿಯ ಫೋಟೋ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಹೆಣಗಳ ಮುಂದೆ ಕ್ಯಾಮರಾ ಇಟ್ಟವನು ಬಂದ ದಾರಿ ಇದು.

ಆ ಕಾಲದ ಫೋಟೋ ಎಂದರೆ ಈಗಿನಂತೆ ಜೇಬಿನಿಂದ ತೆಗೆದು ಒತ್ತುವುದಲ್ಲ. ಹತ್ತಿಯನ್ನು ನೈಟ್ರಿಕ್ ಆಮ್ಲ, ಗಂಧಕಾಮ್ಲಗಳಲ್ಲಿ ನೆನೆಸಿದರೆ ಅದು ಸಿಡಿಯುವ ಹತ್ತಿಯಾಗುತ್ತದೆ, ಬೆಂಕಿ ತಾಗಿದರೆ ಭಗ್ಗೆನ್ನುವ ಪದಾರ್ಥ. ಅದನ್ನು ಈಥರು, ಮದ್ಯಸಾರಗಳಲ್ಲಿ ಕರಗಿಸಿದರೆ ಜೇನಿನಂಥ ರಸ ಬರುತ್ತದೆ. ಕೊಲೋಡಿಯನ್ ಎಂದು ಹೆಸರು. ಡಾಕ್ಟರುಗಳು ಇದನ್ನೇ ಗಾಯದ ಮೇಲೆ ಪಟ್ಟಿಯಂತೆ ಹಚ್ಚುತ್ತಿದ್ದರು. ಫೋಟೋದವನು ಇದನ್ನು ಗಾಜಿನ ಮೇಲೆ ಸುರಿದು, ಗಾಜನ್ನು ಆಚೆ ಈಚೆ ಓರೆ ಮಾಡಿ ಸಮನಾಗಿ ಹರಡಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮರಾದೊಳಗೆ ಇಟ್ಟು, ಬೆಳಕು ತೋರಿಸಿ, ಹತ್ತು ಹದಿನೈದು ನಿಮಿಷದೊಳಗೆ ಗಾಡಿಯ ಕತ್ತಲಿಗೆ ಓಡಿ ತೊಳೆಯಬೇಕು. ಒಣಗಿದರೆ ಚಿತ್ರ ಹೋಯಿತು. ಮಿಲ್ಲಿನಲ್ಲಿ ಬಣ್ಣದ ತೊಟ್ಟಿಯ ಮುಂದೆ ನಿಂತವರಿಗೆ ಈ ಆತುರ ಎಂಥದೆಂದು ನಾನು ಹೇಳಬೇಕಾಗಿಲ್ಲ. ಬೆಳಕು ಬೀಳಲು ಹಲವು ಸೆಕೆಂಡು ಬೇಕಾಗಿದ್ದುದರಿಂದ ಓಡುವ ಕುದುರೆ, ಹಾರುವ ಗುಂಡು ಯಾವುದೂ ಮೂಡುತ್ತಿರಲಿಲ್ಲ. ಅಲುಗಾಡದೆ ಇದ್ದವರು ಹೆಣಗಳು ಮಾತ್ರ. ಕಾಳಗದ ಚಿತ್ರ ಇಲ್ಲದೆ ಕಾಳಗದ ಮಾರನೆಯ ದಿನದ ಚಿತ್ರಗಳು ಮಾತ್ರ ನಮಗೆ ಉಳಿದಿರುವುದು ಈ ಕಾರಣಕ್ಕೆ.

ಇನ್ನು ಎರಡು ಕಣ್ಣಿನ ವಿಷಯ. ಎಲ್ಲರೂ ಒಂದು ಬೆರಳನ್ನು ಮೂಗಿನ ಮುಂದೆ ಹಿಡಿಯಿರಿ. ಬಲಗಣ್ಣು ಮುಚ್ಚಿ, ಆಮೇಲೆ ಎಡಗಣ್ಣು. ಬೆರಳು ಆ ಕಡೆ ಈ ಕಡೆ ಜಿಗಿಯಿತಲ್ಲವೆ? ನಮ್ಮ ಕಣ್ಣುಗಳ ನಡುವೆ ಎರಡೂವರೆ ಅಂಗುಲ ಅಂತರವಿದೆ. ಒಂದೊಂದು ಕಣ್ಣೂ ಒಂದೊಂದು ಚಿತ್ರ ಕಾಣುತ್ತದೆ, ಮಿದುಳು ಎರಡನ್ನೂ ಕೂಡಿಸಿ ಇದು ಹತ್ತಿರ, ಅದು ದೂರ ಎಂದು ಲೆಕ್ಕ ಹಾಕುತ್ತದೆ. 1838ರಲ್ಲಿ ವೀಟ್‌ಸ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಇದನ್ನು ತೋರಿಸಿಕೊಟ್ಟ. ಎರಡು ಮಸೂರದ ಕ್ಯಾಮರಾದಲ್ಲಿ ಜೋಡಿ ಚಿತ್ರ ತೆಗೆದು, ಪಕ್ಕಪಕ್ಕದಲ್ಲಿ ರಟ್ಟಿಗೆ ಅಂಟಿಸಿ, ಇಂಥ ಸಾಧನದಲ್ಲಿ ನೋಡಿದರೆ ಚಪ್ಪಟೆ ಕಾಗದ ಆಳವಾಗಿ ತೆರೆದುಕೊಳ್ಳುತ್ತದೆ. ನನ್ನ ಕೈಯಲ್ಲಿರುವ ಈ ಮಾದರಿಯನ್ನು 1861ರಲ್ಲಿ ಮಾಡಿದವನು ಬಾಸ್ಟನ್ನಿನ ವೈದ್ಯ, ಲೇಖಕ ಆಲಿವರ್ ವೆಂಡೆಲ್ ಹೋಮ್ಸ್. ಅವನು ಇದಕ್ಕೆ ಪೇಟೆಂಟು ತೆಗೆದುಕೊಳ್ಳಲಿಲ್ಲ, ಯಾರು ಬೇಕಾದರೂ ಮಾಡಿ ಮಾರಲಿ ಎಂದು ಬಿಟ್ಟುಕೊಟ್ಟ. ಆದ್ದರಿಂದ ಅಗ್ಗವಾಗಿ ಬಡವರ ಮನೆಗೂ ಬಂತು. ಇಂಥ ಮನುಷ್ಯರೂ ಇರುತ್ತಾರೆ.

ಈಗ ಮೊದಲನೆಯ ರಟ್ಟು ಕೊಡುತ್ತೇನೆ. ಇವೆಲ್ಲ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟಿರುವ ಚಿತ್ರಗಳು. ಇಲ್ಲೇ ಪಕ್ಕದ ಬೀದಿಯಲ್ಲಿ ಅಚ್ಚು ಹಾಕಿಸಿದೆ. ಇದು ತಗ್ಗಿನಲ್ಲಿರುವ ಒಂದು ಗಾಡಿ ದಾರಿ. ನಮ್ಮ ಹಳ್ಳಿಗಳ ಓಣಿಯಂತೆ ಎರಡೂ ಕಡೆ ದಿಬ್ಬ. ದಕ್ಷಿಣದವರು ಅದನ್ನೇ ಕೋಟೆ ಮಾಡಿಕೊಂಡು ನಿಂತರು, ಅದರಲ್ಲೇ ಒಬ್ಬರ ಮೇಲೊಬ್ಬರು ಸತ್ತುಬಿದ್ದರು. ಬರಿಗಣ್ಣಿಗೆ ಏನೋ ಚಿಂದಿ ಬಟ್ಟೆಯ ರಾಶಿಯಂತೆ ಕಾಣುತ್ತದೆ. ಸಾಧನದಲ್ಲಿ ಹಿಡಿದು ಎರಡು ಎಣಿಸುವುದರೊಳಗೆ ರಾಶಿ ಬಿಡಿಬಿಡಿಯಾಗುತ್ತದೆ. ಈ ಕೈ ಇವನದು, ಆ ಕಾಲು ಹಿಂದಿನವನದು ಎಂದು ತಿಳಿಯುತ್ತದೆ. ಮೊದಲ ಸಲ ನೋಡಿದಾಗ ನಾನು ಸಾಧನ ಕೆಳಗಿಟ್ಟು ಒಂದು ಲೋಟ ನೀರು ಕುಡಿದೆ.

1862ರ ಅಕ್ಟೋಬರಿನಲ್ಲಿ ಬ್ರೇಡಿಯ ನ್ಯೂಯಾರ್ಕ್ ಅಂಗಡಿಯಲ್ಲಿ ಇವುಗಳ ಪ್ರದರ್ಶನವಾಯಿತು. ಜನ ಮೆಟ್ಟಿಲ ಮೇಲೆ ಸಾಲು ನಿಂತರು. ಊರಿನ ಪತ್ರಿಕೆಯೊಂದು ಎರಡು ಮಾತು ಬರೆಯಿತು. ಹೆಣಗಳನ್ನೇ ತಂದು ನಮ್ಮ ಬಾಗಿಲಿಗೆ ಹಾಕಿದಷ್ಟಾಯಿತು ಎಂಬುದು ಒಂದು. ಇನ್ನೊಂದು, ಈ ಚಿತ್ರದಲ್ಲಿ ಮೂಡದೆ ಉಳಿದದ್ದು ಹಿಂದೆ ಇರುವ ವಿಧವೆಯರು, ತಬ್ಬಲಿಗಳು ಎಂಬುದು. ಪತ್ರಿಕೆಯವನಿಗೆ ಕಣ್ಣಿತ್ತು. ಪ್ರದರ್ಶನದ ಹೆಸರೆಲ್ಲ ಬ್ರೇಡಿಯದು; ಹೊಲದಲ್ಲಿ ನಾತ ಸಹಿಸಿ ಗಾಜು ತೊಳೆದ ಗಾರ್ಡ್‌ನರ್ ಹಿಂದೆಯೇ ಉಳಿದ. ಮುಂದಿನ ವರ್ಷ ಅವನು ಬೇರೆ ಅಂಗಡಿ ಇಟ್ಟ. ಯುದ್ಧ ಮುಗಿದು 1866ರಲ್ಲಿ ತಾನು ತಂದ ಚಿತ್ರಸಂಪುಟದಲ್ಲಿ ಪ್ರತಿ ಚಿತ್ರಕ್ಕೂ ಗಾಜಿನ ಮೇಲೆ ತೆಗೆದವನು ಯಾರು, ಕಾಗದಕ್ಕೆ ಇಳಿಸಿದವನು ಯಾರು ಎಂದು ಬೇರೆಬೇರೆ ಹೆಸರು ಹಾಕಿಸಿದ. ಸಂಪುಟಕ್ಕೆ 150 ಡಾಲರ್ ಬೆಲೆಯಿಟ್ಟು ಕೈಸುಟ್ಟುಕೊಂಡ, ಅದು ಬೇರೆ ಮಾತು. ವ್ಯಾಪಾರ ಬಲ್ಲವರು ನೀವು, ಆ ಬೆಲೆಗೆ ಹೆಣದ ಪುಸ್ತಕ ಯಾರು ಕೊಂಡಾರು?

ಹೋಮ್ಸನ ಕಥೆಯನ್ನು ಬಿಡುವಂತಿಲ್ಲ. ಅವನ ಮಗ ಆಂಟೀಟಮ್ಮಿನಲ್ಲಿ ಕುತ್ತಿಗೆಗೆ ಗುಂಡು ತಗಲಿ ಬಿದ್ದ. ತಂತಿ ಬಂದಕೂಡಲೇ ತಂದೆ ಹೊರಟು, ಊರೂರು ಅಲೆದು, ಆ ರಣಭೂಮಿಯನ್ನೂ ಕಣ್ಣಾರೆ ಕಂಡು, ಕೊನೆಗೆ ಜೀವಂತ ಮಗನನ್ನು ಪತ್ತೆಮಾಡಿದ. ಆಮೇಲೆ ಈ ಚಿತ್ರಗಳು ಅವನ ಕೈಗೆ ಬಂದವು. ನೋಡುವ ಸಾಧನವನ್ನು ಮಾಡಿದ ಮನುಷ್ಯನೇ ನೋಡಲಾರದೆ, ಹೆಣ ಹೂಳುವಂತೆ ಚಿತ್ರಗಳನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದೆನೆಂದು 1863ರಲ್ಲಿ ಬರೆದ. ಆದರೂ ಯುದ್ಧ ಎಂಥದೆಂದು ತಿಳಿಯಬೇಕಾದವರು ಇವನ್ನು ನೋಡಲೇಬೇಕೆಂದೂ ಅಲ್ಲೇ ಹೇಳಿದ.

ಹಿಂದಿನಿಂದ ಯಾರೋ ಕೇಳುತ್ತಿದ್ದಾರೆ, ಕ್ಯಾಮರಾ ಸುಳ್ಳು ಹೇಳುವುದಿಲ್ಲವೆ ಎಂದು. ಹೇಳುತ್ತದೆ, ಕೇಳಿ. 1863ರ ಜುಲೈನಲ್ಲಿ ಗೆಟಿಸ್‌ಬರ್ಗಿನಲ್ಲಿ ಮೂರು ದಿನ ಕಾಳಗ ನಡೆಯಿತು. ಗಾರ್ಡ್‌ನರನ ತಂಡ ಅಲ್ಲಿಗೂ ಹೋಯಿತು. ಬಂಡೆಗಳ ಸಂದಿಯಲ್ಲಿ ಒಬ್ಬ ಹುಡುಗ ಅಂಗಾತ ಬಿದ್ದಿದ್ದಾನೆ, ಪಕ್ಕದ ಗೋಡೆಗೆ ಬಂದೂಕು ಒರಗಿದೆ. ಗುರಿಕಾರನೊಬ್ಬ ತನ್ನ ಅಡಗುತಾಣದಲ್ಲೇ ಸತ್ತ ಎಂದು ಗಾರ್ಡ್‌ನರ್ ಕಥೆ ಬರೆದ. ನೂರು ವರ್ಷ ಎಲ್ಲರೂ ನಂಬಿದರು. ವಿಲಿಯಂ ಫ್ರಾಸನೀಟೋ ಎಂಬ ಚರಿತ್ರಕಾರ ಆ ಹೊಲದಲ್ಲಿ ಬಂಡೆ ಬಂಡೆಗೆ ಚಿತ್ರ ತಾಳೆ ನೋಡಿ, 1975ರಲ್ಲಿ ಪುಸ್ತಕ ಬರೆದ. ಅದೇ ಹುಡುಗನ ಹೆಣ ಸುಮಾರು 40 ಗಜ ಕೆಳಗಿನ ಇಳಿಜಾರಿನಲ್ಲಿ ಇನ್ನಿತರ ಚಿತ್ರಗಳಲ್ಲಿದೆ! ಕಂಬಳಿಯಲ್ಲಿ ಹಾಕಿ ಹೊತ್ತು ತಂದಿದ್ದಾರೆ, ಬಂದೂಕು ಇಟ್ಟಿದ್ದಾರೆ. ಆ ಬಂದೂಕು ಗುರಿಕಾರರು ಬಳಸುವ ಬಗೆಯದೂ ಅಲ್ಲ. ಓವೆನ್ನನ ಶಿಷ್ಯನೇ ಆದರೂ ತಪ್ಪು ತಪ್ಪೇ. ಬಡವನ ಮಗನೊಬ್ಬ ಸತ್ತ ಮೇಲೂ ಅವನಿಂದ ಒಂದು ಪಾತ್ರ ಮಾಡಿಸಿದರು.

ಅದೇ ಗೆಟಿಸ್‌ಬರ್ಗಿನಲ್ಲಿ ಓಸಲಿವನ್ ತೆಗೆದ ಇನ್ನೊಂದು ಚಿತ್ರವಿದೆ, ಮಂಜು ಮುಸುಕಿದ ಬಯಲಿನ ತುಂಬ ಹೆಣ. ಸತ್ತವರ ಕಾಲುಗಳನ್ನು ನೋಡಿ. ಬೂಟಿಲ್ಲ. ಬದುಕಿದ್ದವರು ಬಿಚ್ಚಿಕೊಂಡು ಹೋಗಿದ್ದಾರೆ. ಯಾವ ಕಥೆ ಕಟ್ಟಿ ಹೇಳಿದರೂ ಈ ಬರಿಗಾಲುಗಳನ್ನು ಮುಚ್ಚಲಾಗುವುದಿಲ್ಲ.

ಇದಕ್ಕೂ ಕರ್ನಾಟಕಕ್ಕೂ ಏನು ಸಂಬಂಧ ಎಂದೀರಿ. ಬಟ್ಟೆ ವ್ಯಾಪಾರದವರು ಕೇಳಬಾರದ ಪ್ರಶ್ನೆ ಅದು! ಉತ್ತರದ ನೌಕಾಪಡೆ ದಕ್ಷಿಣದ ರೇವುಗಳನ್ನು ಅಡ್ಡಗಟ್ಟಿದ ಮೇಲೆ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಲಂಕಾಶೈರಿನ ಮಿಲ್ಲುಗಳು ಮುಚ್ಚಿದವು. 1862ರ ಕೊನೆಗೆ ಸುಮಾರು 5 ಲಕ್ಷ ಜನ ಧರ್ಮದ ಗಂಜಿಗೆ ನಿಂತಿದ್ದರು. ಆ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕೆಲಸಗಾರರು ಸಭೆ ಸೇರಿ, ನಮ್ಮ ಹೊಟ್ಟೆ ಕಾದರೂ ಸರಿ, ಗುಲಾಮಗಿರಿ ತೊಲಗಲಿ ಎಂದು ಲಿಂಕನ್ನನಿಗೆ ಬರೆದರು. ಮುಂದಿನ ತಿಂಗಳು ಲಿಂಕನ್ ಅವರಿಗೆ ಉತ್ತರ ಬರೆದ. ಎಲ್ಲ ಕೆಲಸಗಾರರೂ ಹಾಗೇ ಎಣಿಸಿದರೆಂದಲ್ಲ, ದಕ್ಷಿಣ ಗೆದ್ದರೆ ಹತ್ತಿ ಬರುತ್ತದೆಂದು ಕಾಯುತ್ತಿದ್ದವರೂ ಇದ್ದರು. ಆದರೂ ಖಾಲಿ ಹೊಟ್ಟೆಯಲ್ಲಿ ಅಂಥ ಕಾಗದ ಬರೆಯುವುದು ಸಣ್ಣ ಮಾತಲ್ಲ. ಬಿನ್ನಿ ಮಿಲ್ಲು, ರಾಜಾ ಮಿಲ್ಲುಗಳ ಬಾಗಿಲು ಮುಚ್ಚಿದ್ದನ್ನು ಕಂಡವರಿಗೆ ಇದರ ತೂಕ ಗೊತ್ತು.

ಮಿಲ್ಲಿನ ದಣಿಗಳ ಕಣ್ಣು ಆಗ ಬಿದ್ದದ್ದು ನಮ್ಮ ಧಾರವಾಡದ ಕರಿಮಣ್ಣಿನ ಮೇಲೆ. 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದ ಬೀಜ ತಂದು ಅಲ್ಲಿ ಬಿತ್ತಿಸಿತ್ತು. ಮ್ಯಾಂಚೆಸ್ಟರಿನವರು ಕಾರವಾರದ ರೇವು ಮಾಡಿಕೊಡಿ, ಘಟ್ಟ ಇಳಿಯಲು ರಸ್ತೆ ಮಾಡಿಕೊಡಿ ಎಂದು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯಿತ್ತು. ಹತ್ತಿಯ ಬೆಲೆ ಹಲವು ಪಟ್ಟು ಏರಿತು, ರೈತನ ಕೈಗೂ ಬೆಳ್ಳಿ ಬಂತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು, ಮುಂಬಯಿಯ ಪೇಟೆ ಮುಳುಗಿತು. ಆಂಟೀಟಮ್ಮಿನ ಓಣಿಯಲ್ಲಿ ಬಿದ್ದವರು ಯಾರೆಂದು ಧಾರವಾಡದ ರೈತನಿಗೆ ಗೊತ್ತಿರಲಿಲ್ಲ. ಅವರು ಸಾಯುತ್ತಿದ್ದಷ್ಟು ದಿನ ಅವನ ಬೆಳೆಗೆ ಬೆಲೆ, ಅಷ್ಟೇ.

ಇಂಥ ಜೋಡಿಚಿತ್ರ ನಮ್ಮ ಕಡೆಗೆ ಬರಲಿಲ್ಲವೆಂದಲ್ಲ. ಬೆಂಗಳೂರಿನ ದಂಡಿನಲ್ಲಿದ್ದ ಕ್ಯಾಪ್ಟನ್ ಲಿನೀಯಸ್ ಟ್ರೈಪ್ 1854ರಲ್ಲೇ ಬೇಲೂರು, ಹಳೆಬೀಡುಗಳ ಫೋಟೋ ತೆಗೆದ. 1858ರಲ್ಲಿ ತಿರುಚಿನಾಪಳ್ಳಿ, ತಂಜಾವೂರುಗಳ ಜೋಡಿಚಿತ್ರಗಳ ಸಂಪುಟ ಹೊರತಂದ. ಗುಡಿ, ಗೋಪುರ, ಬಂಡೆ, ಕೋಟೆ, ಕೆಲಸ ಅಂದವಾಗಿದೆ. ಸರ್ಕಾರ ಹೇಳಿದ್ದೂ ಅಷ್ಟೇ. ಅದೇ 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕ ದಂಗೆಯೆದ್ದು ಸೋತ, ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ನಮ್ಮ ಊರಿನ ಜನ ಚಿತ್ರಕ್ಕೆ ಬಂದದ್ದು ಬೇರೆ ರೀತಿಯಲ್ಲಿ. 1876ರಿಂದ 1878ರವರೆಗೆ ದೊಡ್ಡ ಬರ. ಮಳೆ ಕೈಕೊಟ್ಟಿತು, ಕಾಳಿನ ಬೆಲೆ ಮುಗಿಲಿಗೇರಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ಮೀರಿದ್ದುದು 1881ರಲ್ಲಿ 42 ಲಕ್ಷವನ್ನೂ ಮುಟ್ಟಲಿಲ್ಲ. 1877ರ ಅಕ್ಟೋಬರ್ 20ರ ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಬೆಂಗಳೂರಿನಲ್ಲಿ ಗಂಜಿಗಾಗಿ ಕಾದಿರುವ ಜನರ ಚಿತ್ರ ಅಚ್ಚಾಯಿತು. ಪೇಟೆಯ ಬಡವರಿಗೆ ಲಂಡನ್ನಿನಲ್ಲಿ ಕೊನೆಗೂ ಜಾಗ ಸಿಕ್ಕಿತು, ಎಲುಬಿನ ಗೂಡಾದ ಮೇಲೆ. ಅದೇ ಬರದಲ್ಲಿ ಮದರಾಸ್ ಸೈನ್ಯದ ಹೂಪರ್ ಎಂಬ ಅಧಿಕಾರಿ ಹಸಿದವರನ್ನು ಸಾಲಾಗಿ ಕೂರಿಸಿ, ನಿಲ್ಲಿಸಿ ಫೋಟೋ ತೆಗೆದ. ಚಿತ್ರ ತೆಗೆದೆಯಲ್ಲ, ಅನ್ನ ಕೊಟ್ಟೆಯಾ ಎಂದು ಅವನನ್ನು ಆಮೇಲೆ ಕೇಳಿದವರಿದ್ದಾರೆ. ಅದೇ ಹೂಪರ್ 1886ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಕೈದಿಗಳಿಗೆ ಗುಂಡಿಕ್ಕುವಾಗ ಸರಿಯಾದ ಕ್ಷಣಕ್ಕೆ ಕ್ಯಾಮರಾ ಹಿಡಿದು ನಿಂತು, ವಿಚಾರಣೆಗೆ ಒಳಗಾಗಿ ಛೀಮಾರಿ ಹಾಕಿಸಿಕೊಂಡ. ಗಾರ್ಡ್‌ನರನನ್ನೂ ಇವನನ್ನೂ ನಾನು ಒಂದೇ ತಕ್ಕಡಿಯಲ್ಲಿ ಹಾಕಲಾರೆ. ಆದರೆ ಇಬ್ಬರ ಚಿತ್ರವೂ ನಮ್ಮ ಕೈಗೆ ಬಂದಾಗ ನಾವು ಕೇಳಬೇಕಾದದ್ದು ಒಂದೇ: ಕ್ಯಾಮರಾ ಎಲ್ಲಿ ನಿಂತಿತ್ತು, ಅದರ ಹಿಂದೆ ಯಾರಿದ್ದರು, ಮುಂದೆ ಇದ್ದವನಿಗೆ ಎದ್ದು ಹೋಗುವ ಸ್ವಾತಂತ್ರ್ಯವಿತ್ತೇ?

ಕೊನೆಯ ರಟ್ಟು ಇದು. ಇದನ್ನು ನಿಧಾನವಾಗಿ ನೋಡಿ. ಕೋಲ್ಡ್ ಹಾರ್ಬರ್ ಎಂಬಲ್ಲಿ 1864ರ ಜೂನಿನಲ್ಲಿ ಕಾಳಗವಾಯಿತು. ಹೆಣಗಳು ಅರೆಬರೆ ಮಣ್ಣು ಮುಚ್ಚಿಕೊಂಡು ಹತ್ತು ತಿಂಗಳು ಬಿದ್ದಿದ್ದವು. 1865ರ ಏಪ್ರಿಲ್‌ನಲ್ಲಿ ಕರಿಯ ಕೆಲಸಗಾರರನ್ನು ಕಳಿಸಿ ಎಲುಬು ಆರಿಸಿದರು. ತೆಗೆದವನು ಜಾನ್ ರೀಕಿ. ಹಿಂದೆ ನಾಲ್ವರು ಗುದ್ದಲಿ ಹಿಡಿದು ಬಗ್ಗಿದ್ದಾರೆ. ಮುಂದೆ ಒಬ್ಬ ಹೆಣದ ಚಟ್ಟದ ಪಕ್ಕದಲ್ಲಿ ಕುಳಿತು ನೇರವಾಗಿ ನಮ್ಮನ್ನೇ ನೋಡುತ್ತಿದ್ದಾನೆ. ಚಟ್ಟದ ಮೇಲೆ ತಲೆಬುರುಡೆಗಳು, ಒಂದು ಬೂಟಿನ ಕಾಲು. ಮೊದಲು ಸಾಧನವಿಲ್ಲದೆ ನೋಡಿ, ಆಮೇಲೆ ಅದರಲ್ಲಿ ನೋಡಿ. ಸಾಧನದಲ್ಲಿ ಅವನು ಬುರುಡೆಗಳಿಂದ ಬೇರೆಯಾಗಿ ಒಂದು ಮೊಳ ಮುಂದಕ್ಕೆ ಬಂದು ಕೂರುತ್ತಾನೆ. ಅವನ ಹೆಸರನ್ನು ಗಾರ್ಡ್‌ನರನ ಸಂಪುಟವೂ ಬರೆದುಕೊಳ್ಳಲಿಲ್ಲ.

ಮೊದಲ ಸಾಲಿನವರು ನೋಡಿ ಹಿಂದಕ್ಕೆ ಕೊಡಿ. ಕನ್ನಡಕ ಇರುವವರು ಹಾಕಿಕೊಂಡೇ ನೋಡಿ, ಅಡ್ಡಪಟ್ಟಿಯನ್ನು ಹಿಂದೆ ಮುಂದೆ ಸರಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ಅವಸರ ಬೇಡ. ದೀಪದ ಕಡೆ ತಿರುಗಿ ಹಿಡಿಯಿರಿ.